ಪುಟ್ಟಿಯ ಕಾರಿನ ಎರಡನೇ ಗೇರ್

ಪುಟ್ಟಿ, ನೀನು ಗ್ರೂಪಿನಲ್ಲಿ ಹಾಕಿದ್ದನ್ನು ನಿನ್ನ ದೊಡ್ಡಮ್ಮ ಓದಿ ಹೇಳಿದಳು. ಮಡಿಕೇರಿಯ ಚಳಿಗೆ ಬೆಳಿಗ್ಗೆ ಎರಡನೇ ಗೇರ್ ಬೀಳುವುದೇ ಕಷ್ಟ, ಹತ್ತು ನಿಮಿಷ ಓಡಿದ ಮೇಲೆ ಸಡಿಲವಾಗುತ್ತದೆ, ಅಂಗಡಿಯವನು ಲಾರಿಯ ಹಿಂದಿನ ಅಚ್ಚಿನ ಕ್ರೌನ್ ಗೇರಿಗೆ ಹಾಕುವ ದಪ್ಪ ಎಣ್ಣೆ, ಅದೇ ಕ್ರೌನ್ ಆಯಿಲ್, ಗೇರ್‌ಬಾಕ್ಸಿಗೆ ಹಾಕಿಸಿ ಎನ್ನುತ್ತಾನೆ, ಹಾಕಿಸಲೇ ಎಂದು ಕೇಳಿದ್ದೀಯ. ಹಾಕಿಸಬೇಡ. ಮೊಬೈಲಿನಲ್ಲಿ ಒಂದೊಂದೇ ಅಕ್ಷರ ಒತ್ತುತ್ತಾ ಕುಳಿತರೆ ಸಂಜೆಯಾಗುತ್ತದೆ, ಅದಕ್ಕೇ ಮಾತಿನಲ್ಲಿ ಕಳುಹಿಸುತ್ತಿದ್ದೇನೆ. ಪೂರ್ತಿ ಕೇಳು.

ನಮ್ಮ ಬಿಳಿಯ ಮಾರುತಿ 800 ನಿನಗೆ ನೆನಪಿರಲಿಕ್ಕಿಲ್ಲ, ನಿನ್ನಪ್ಪನಿಗೆ ಚೆನ್ನಾಗಿ ನೆನಪಿದೆ. 1996ರಲ್ಲಿ ನಾವು ಹಾಸನದಲ್ಲಿದ್ದೆವು. ಆಗಲೂ ಒಬ್ಬ ಅಂಗಡಿಯವನು ಇದೇ ಮಾತು ಹೇಳಿದ, ದಪ್ಪ ಎಣ್ಣೆ ಹಾಕಿದರೆ ಹಲ್ಲುಗಳಿಗೆ ರಕ್ಷಣೆ ಸ್ವಾಮಿ ಎಂದು. ಡಬ್ಬದ ಮೇಲೆ ಗೇರ್ ಎಣ್ಣೆಯ ದರ್ಜೆ ಜಿಎಲ್-5 ಎಂದಿತ್ತು. ಕಾರಿನ ಪುಸ್ತಕದಲ್ಲಿ ಇದ್ದದ್ದು ಜಿಎಲ್-4. ನಾಲ್ಕಕ್ಕಿಂತ ಐದು ಮೇಲಿನದಲ್ಲವೇ ಎಂದು ನಾನೂ ಒಪ್ಪಿಬಿಟ್ಟೆ. ಮುಚ್ಚಳ ತೆಗೆದಾಗ ಗಂಧಕದ ವಾಸನೆ ಗಪ್ಪೆಂದು ಮೂಗಿಗೆ ಬಡಿದದ್ದು ಇಂದಿಗೂ ನೆನಪಿದೆ.

ಬೇಸಿಗೆ ಚೆನ್ನಾಗಿಯೇ ಕಳೆಯಿತು. ಎರಡನೆಯ ಮಳೆಗಾಲದಲ್ಲಿ ಧರ್ಮಸ್ಥಳಕ್ಕೆ ಹೋಗಿ ಶಿರಾಡಿ ಘಾಟಿ ಹತ್ತಿ ಬರುತ್ತಿದ್ದೆವು. ತಿರುವಿನಲ್ಲಿ ಮೂರರಿಂದ ಎರಡಕ್ಕೆ ಇಳಿಸಲು ಹೋದರೆ ಕರ್ರ್ ಎಂದಿತು, ಗೇರ್ ಒಳಗೆ ಹೋಗಲಿಲ್ಲ. ಮತ್ತೆ ಒತ್ತಿದೆ, ಹೋಗಲಿಲ್ಲ. ಕಾರು ನಿಂತೇ ಹೋಯಿತು. ಹಿಂದೆ ಟ್ಯಾಂಕರ್, ಹಾರ್ನ್ ಮೇಲೆ ಹಾರ್ನ್. ನಾನು ಹ್ಯಾಂಡ್‌ಬ್ರೇಕ್ ಎಳೆದು ಹಿಡಿದಿದ್ದೆ, ನಿನ್ನ ದೊಡ್ಡಮ್ಮ ಆ ಮಳೆಯಲ್ಲಿ ಇಳಿದು ಚಕ್ರಕ್ಕೆ ಕಲ್ಲು ಕೊಟ್ಟಳು. ಅಲ್ಲಿಂದ ಮನೆಯವರೆಗೆ ಎರಡನೇ ಗೇರ್ ಮುಟ್ಟದೆ ಬಂದೆವು.

ಮೆಕ್ಯಾನಿಕ್ ಗೇರ್‌ಬಾಕ್ಸ್ ಬಿಚ್ಚಿ, ಹಳೆಯ ದಿನಪತ್ರಿಕೆಯ ಮೇಲೆ ಹಿತ್ತಾಳೆಯ ಸಿಂಕ್ರೊ ಉಂಗುರ ಇಟ್ಟು ತೋರಿಸಿದ. ಹಳದಿ ಹೋಗಿ ಕಪ್ಪಿಟ್ಟಿತ್ತು. ಒಳಮೈಯಲ್ಲಿ ಸಣ್ಣ ಸಣ್ಣ ಗೀರುಗಳು ಇರಬೇಕಿತ್ತು, ಆದರೆ ಬೆರಳಾಡಿಸಿದರೆ ಗಾಜಿನಂತೆ ನುಣ್ಣಗಿತ್ತು. ಇಳಿಸಿದ ಎಣ್ಣೆಯನ್ನು ಬಿಸಿಲಿಗೆ ಹಿಡಿದರೆ ಅದರಲ್ಲಿ ಹಿತ್ತಾಳೆಯ ಪುಡಿ ಮಿನುಗುತ್ತಿತ್ತು. ಗೇರ್ ಬದಲಿಸುವಾಗ ಆ ಉಂಗುರ ತಿರುಗುವ ಗೇರನ್ನು ಉಜ್ಜಿ ಹಿಡಿದು ವೇಗ ಸಮ ಮಾಡಬೇಕು. ಎಣ್ಣೆ ಅತಿಯಾಗಿ ಜಾರಿದರೆ ಹಿಡಿತವೆಲ್ಲಿ ಬರುತ್ತದೆ? ಜಿಎಲ್-5ರಲ್ಲಿ ಗಂಧಕ, ರಂಜಕದ ಅಂಶ ಹೆಚ್ಚು. ಕ್ರೌನ್ ಹಲ್ಲುಗಳು ಒಂದರ ಮೇಲೊಂದು ಜಾರುತ್ತಾ ಭಾರ ಹೊರುವ ಕಡೆ ಅದು ಬೇಕು. ಬಿಸಿಯಾದಾಗ ಅದೇ ಅಂಶ ಹಿತ್ತಾಳೆಯನ್ನು ತಿನ್ನಬಹುದು. ಅಂಗಡಿಯವನು ಎಷ್ಟೇ ಹೇಳಲಿ, ಕ್ರೌನ್ ಆಯಿಲ್ ಹಾಕಿಸಬೇಡ ಮಗಳೇ. ದಪ್ಪ ಎಣ್ಣೆ ಚಳಿಗೆ ಇನ್ನಷ್ಟು ಗಟ್ಟಿಯಾಗಿ, ಈಗ ಇರುವ ಬಿಗಿ ಇಮ್ಮಡಿಯಾಗುತ್ತದೆ.

ಆ ರಿಪೇರಿಯ ಹಣ ಪೂರ್ತಿ ನಾನೇ ಕೊಟ್ಟೆ. ಮನೆಯ ಎರಡು ಮದುವೆಗೆ ಓಡಿದ್ದು, ಅಜ್ಜಿಯನ್ನು ಆಸ್ಪತ್ರೆಗೆ ಒಯ್ದು ತಂದದ್ದು ಅದೇ ಕಾರು. ಆದರೂ ನಾನು ವರ್ಗವಾಗಿ ರಾಯಚೂರಿಗೆ ಹೋದಾಗ, ಹಳೆಯದಾಯಿತು ಎಂದು ಮನೆಯವರು ನನ್ನನ್ನು ಒಂದು ಮಾತೂ ಕೇಳದೆ ಅದನ್ನು ಮಾರಿದರು. ಹೊಸ ಉಂಗುರ ಹಾಕಿಸಿ ವರ್ಷ ತುಂಬಿರಲಿಲ್ಲ. ನಿನ್ನಪ್ಪನೂ ಇದನ್ನು ಕೇಳುತ್ತಿರುತ್ತಾನೆ, ಕೇಳಲಿ. ಒಂದು ಫೋನ್ ಮಾಡಬಹುದಿತ್ತು. ಇಷ್ಟು ವರ್ಷವಾದರೂ ನನಗೆ ಅದು ಹೋಗಿಲ್ಲ.

ಅಯ್ಯೋ, ನೀನು ಮಾಡಬೇಕಾದದ್ದನ್ನೇ ಹೇಳಲಿಲ್ಲ. ನಾಳೆ ಬೆಳಿಗ್ಗೆ ಎಂಜಿನ್ ಶುರು ಮಾಡುವ ಮೊದಲು ಕ್ಲಚ್ ಒತ್ತಿ ಎಲ್ಲ ಗೇರ್‌ಗಳನ್ನೂ ಹಾಕಿ ನೋಡು. ಆಗ ಸಲೀಸಾಗಿ ಬಿದ್ದು, ಎಂಜಿನ್ ಓಡುವಾಗ ಮೊದಲನೆಯದು, ರಿವರ್ಸ್ ಕೂಡ ಬಿಗಿಯಾದರೆ ತಪ್ಪು ಕ್ಲಚ್ಚಿನದು, ಎಣ್ಣೆಗೆ ಹಣ ಸುರಿಯಬೇಡ. ಕ್ಲಚ್ ಸರಿಯಿದ್ದರೆ ಕಾರಿನ ಪುಸ್ತಕ ತೆಗೆ. ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ ಎಣ್ಣೆಯ ದಪ್ಪ 75ಡಬ್ಲ್ಯು-80 ಅಥವಾ 75ಡಬ್ಲ್ಯು-90, ದರ್ಜೆ ಜಿಎಲ್-4 ಎಂದಿರುತ್ತದೆ. ನಿನ್ನದರಲ್ಲಿ ಯಾವುದಿದೆಯೋ ಅದನ್ನೇ ತರಿಸು. ಸ್ವಲ್ಪ ಓಡಿಸಿ ಎಣ್ಣೆ ಬೆಚ್ಚಗಿರುವಾಗ ಇಳಿಸಲಿ. ಕೆಳಗಿನ ಬೋಲ್ಟಿನ ಆಯಸ್ಕಾಂತಕ್ಕೆ ಬೂದುಬಣ್ಣದ ಮೆತ್ತನೆಯ ಪುಡಿ ಅಂಟಿದ್ದರೆ ಭಯವಿಲ್ಲ, ಚೂರುಗಳಿದ್ದರೆ ಫೋಟೊ ತೆಗೆದು ನನಗೆ ಕಳುಹಿಸು. ಎಣ್ಣೆ ಇಳಿಸುವ ಮೊದಲು ತುಂಬುವ ಬೋಲ್ಟ್ ಸಡಿಲವಾಗುತ್ತದೆಯೇ ಎಂದು ನೋಡಲು ಹೇಳು. ಅದು ತುಕ್ಕು ಹಿಡಿದು ಕಚ್ಚಿಕೊಂಡಿದ್ದರೆ, ಇದ್ದ ಎಣ್ಣೆಯನ್ನೂ ಚೆಲ್ಲಿಕೊಂಡು ಕಾರನ್ನು ಅಲ್ಲೇ ಬಿಟ್ಟು ಬರಬೇಕಾಗುತ್ತದೆ.