‘ಹ್ಯೂಮನ್ ಎರರ್’ಗೆ ‘ಮಾನವ ದೋಷ’ ಸರಿಯಾ?

ಎಲ್ಲರಿಗೂ ನಮಸ್ಕಾರ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಕನ್ನಡ ಮಾಧ್ಯಮದ ಹೈಸ್ಕೂಲ್ ಮಕ್ಕಳಿಗೆ ಓದಲು ವಿಮಾನ ಅಪಘಾತದ ತನಿಖೆ ಬಗ್ಗೆ ಒಂದು ಬರಹ ಸಿದ್ಧ ಮಾಡುತ್ತಿದ್ದೇನೆ. ‘ಹ್ಯೂಮನ್ ಎರರ್’ಗೆ ಪತ್ರಿಕೆಗಳಲ್ಲಿ ‘ಮಾನವ ದೋಷ’, ‘ಮಾನವ ಲೋಪ’ ಎರಡೂ ಕಾಣುತ್ತವೆ. ನನಗೆ ‘ದೋಷ’ ಒಪ್ಪುತ್ತಿಲ್ಲ. ದೃಷ್ಟಿದೋಷ, ಜಾತಕದೋಷ ಅನ್ನುವಾಗಿನ ಹಾಗೆ ಅದು ಆ ಮನುಷ್ಯನಲ್ಲೇ ಇರುವ ಕುಂದು ಅನ್ನಿಸಿಬಿಡುತ್ತದೆ.

ಕಣ್ತಪ್ಪು, ಬಾಯ್ತಪ್ಪು ಅಂತ ನಮ್ಮಲ್ಲಿ ಚೆಂದದ ಪದಗಳಿವೆ ಅಲ್ವಾ? ಇಲ್ಲಿ ಮಲಯಾಳಂ ಪತ್ರಿಕೆಯನ್ನೂ ಓದುವವರಿಗೆ ಕೈಪ್ಪಿಳ (ಕೈಯಿಂದಾದ ತಪ್ಪು), ನಾಕ್ಕುಪಿಳ (ನಾಲಿಗೆಯ ತಪ್ಪು) ಗೊತ್ತು, ಅದೂ ಇದೇ ಜಾಡು. ಮೀಟರ್ ತಪ್ಪಾಗಿ ಓದಿದರೆ ಕಣ್ತಪ್ಪು. ಒಂದು ಸ್ವಿಚ್ ಬದಲು ಇನ್ನೊಂದು ಒತ್ತಿದರೆ? ‘ಕೈತಪ್ಪು’ ಅನ್ನೋಣ ಅಂದರೆ, ಅವಕಾಶ ಕೈತಪ್ಪಿತು ಅನ್ನುವ ಅರ್ಥವೇ ಈಗ ಜಾಸ್ತಿ.

ಆದರೆ 2010ರ ಮೇ 22ರ ಮಂಗಳೂರು ಅಪಘಾತಕ್ಕೆ ಇವು ಯಾವುದೂ ಸಾಲುವುದಿಲ್ಲ. ದುಬೈಯಿಂದ ಬಂದ ಆ ವಿಮಾನದಲ್ಲಿದ್ದ 166 ಜನರಲ್ಲಿ 158 ಮಂದಿ ತೀರಿಕೊಂಡರು, ಅವರಲ್ಲಿ ನಮ್ಮ ಕಾಸರಗೋಡಿನವರು ಎಷ್ಟೋ ಜನ. ತನಿಖೆಯಲ್ಲಿ ಗೊತ್ತಾದದ್ದು ಇಷ್ಟು. ದಾರಿಯಲ್ಲಿ ಕ್ಯಾಪ್ಟನ್ ಸುಮಾರು 1 ಗಂಟೆ 40 ನಿಮಿಷ ನಿದ್ದೆ ಮಾಡಿದ್ದರು, ಎದ್ದ ಮೇಲೂ ಮಂಪರು ಪೂರ್ತಿ ಬಿಟ್ಟಿರಲಿಲ್ಲ. ಇಳಿಯುವ ಹೊತ್ತಿಗೆ ವಿಮಾನ ಇರಬೇಕಾದದ್ದಕ್ಕಿಂತ ತುಂಬ ಮೇಲಿತ್ತು. ಸಹ ಪೈಲಟ್ ಮೂರು ಸಲ ‘ಗೋ ಅರೌಂಡ್’, ಅಂದರೆ ಇಳಿಯುವುದು ಬಿಟ್ಟು ಮತ್ತೆ ಮೇಲೇರಿ, ಅಂದರು. ಆದರೂ ಕ್ಯಾಪ್ಟನ್ ಇಳಿಸಿದರು. ಸುಮಾರು 8,000 ಅಡಿಯ ರನ್‌ವೇಯಲ್ಲಿ ಚಕ್ರ ನೆಲ ಮುಟ್ಟಿದ್ದೇ 5,200 ಅಡಿ ಕಳೆದ ಮೇಲೆ. ಆಮೇಲೆ ಮತ್ತೆ ಮೇಲೇಳಲು ನೋಡಿದರು, ಆಗಲಿಲ್ಲ. ಗುಡ್ಡದ ತಲೆ ಸಮ ಮಾಡಿ ಕಟ್ಟಿದ ಟೇಬಲ್‌ಟಾಪ್ ರನ್‌ವೇ, ಮುಂದೆ ಕಣಿವೆ.

ಇದನ್ನು ಕಣ್ತಪ್ಪು ಅನ್ನಲಾಗದು, ಇದು ತಪ್ಪು ತೀರ್ಮಾನ. ಅದರ ಹಿಂದೆ ನಿದ್ದೆ ಇದೆ, ಕಿರಿಯರು ಹೇಳಿದ್ದನ್ನು ಹಿರಿಯರು ಕಿವಿಗೆ ಹಾಕಿಕೊಳ್ಳದ್ದು ಇದೆ. ತನಿಖೆ ಇರುವುದು ತಪ್ಪನ್ನು ಯಾರ ತಲೆಗೂ ಕಟ್ಟುವುದಕ್ಕಲ್ಲ, ಇನ್ನೊಮ್ಮೆ ಆಗದಂತೆ ತಡೆಯುವುದಕ್ಕೆ ಅಂತ ಅಂತರರಾಷ್ಟ್ರೀಯ ವಿಮಾನಯಾನ ನಿಯಮದ 13ನೇ ಅನುಬಂಧದಲ್ಲೇ ಇದೆ. ‘ದೋಷ’ ಅಂತ ಬರೆದರೆ ಓದುವ ಮಗು ಅಲ್ಲಿಗೇ ನಿಲ್ಲುತ್ತದೆ, ‘ಯಾಕೆ ಹಾಗಾಯ್ತು’ ಅಂತ ಮುಂದೆ ಕೇಳುವುದಿಲ್ಲ ಅನ್ನುವುದು ನನ್ನ ಚಿಂತೆ.

ಪದದ ವಿಷಯ ಸುಮ್ನೆ ಹಿಡಿದು ಎಳೆಯುತ್ತಿಲ್ಲ. 1977ರಲ್ಲಿ ಸ್ಪೇನ್‌ನ ಟೆನೆರಿಫ್ ದ್ವೀಪದಲ್ಲಿ ಎರಡು ಜಂಬೋ ವಿಮಾನ ಡಿಕ್ಕಿಯಾಗಿ 583 ಜನ ಸತ್ತದ್ದಕ್ಕೆ ರೇಡಿಯೋ ಮಾತಿನ ಗೊಂದಲವೂ ಒಂದು ಕಾರಣ. ಆಮೇಲೆ ‘ಟೇಕಾಫ್’ ಪದವನ್ನು ಮೇಲೇರುವ ಅನುಮತಿ ಕೊಡುವಾಗ ಇಲ್ಲವೇ ರದ್ದು ಮಾಡುವಾಗ ಮಾತ್ರ ಬಳಸಬೇಕು, ಉಳಿದ ಕಡೆ ಬೇರೆ ಪದ ಅಂತಾಯಿತು.

‘ಮನುಷ್ಯಸಹಜ ತಪ್ಪು’ ಅನ್ನಬಹುದೇನೋ. ಆದರೆ ಮನೆಯವರನ್ನು ಕಳೆದುಕೊಂಡವರು ಇಲ್ಲೇ ಇದ್ದಾರೆ, ಅವರ ಮುಂದೆ ‘ಸಹಜ’ ಅನ್ನಲು ನನಗೆ ಮನಸ್ಸಾಗುವುದಿಲ್ಲ. ಸದ್ಯಕ್ಕೆ ಬರೀ ‘ತಪ್ಪು’ ಅಂತ ಇಟ್ಟುಕೊಂಡು, ಎಂಥ ತಪ್ಪು ಅಂತ ಆಯಾ ಕಡೆ ಬಿಡಿಸಿ ಬರೆಯುತ್ತಿದ್ದೇನೆ. ಇದಕ್ಕಿಂತ ಒಳ್ಳೆಯದು ಹೊಳೆದರೆ ತಿಳಿಸಿ. ಹಾಗೇ ‘ಗೋ ಅರೌಂಡ್’ಗೆ ‘ಮರುಸುತ್ತು’ ಅಂದರೆ ಇಳಿಯುವುದನ್ನು ಕೈಬಿಟ್ಟು ಮೇಲೇರಿದ್ದು ಅಂತ ಮಕ್ಕಳಿಗೆ ತಿಳಿಯುತ್ತದಾ?