ನಾಲ್ಕೇ ದಿನದಲ್ಲಿ ಆರ್ಕಿಡ್‌ನ ಮೂರು ಎಲೆ ಹಳದಿಯಾಗಿದೆ, ಕಾರಣ ತಿಳಿಸಿ

ಪ್ರಶ್ನೆ: ಮೂಡಿಗೆರೆಯಿಂದ

ನಮ್ಮದು ಮೂಡಿಗೆರೆ ಹತ್ತಿರ ಸಣ್ಣ ಕಾಫಿ ತೋಟ. ಮಾರ್ಚ್‌ನಲ್ಲಿ ಮಗಳು ಬೆಂಗಳೂರಿನಿಂದ ಬಿಳಿ ಹೂವಿನ ಫೆಲನಾಪ್ಸಿಸ್ ಆರ್ಕಿಡ್ ಒಂದನ್ನು ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದುಕೊಟ್ಟಳು. ಮೇ ಕೊನೆಯವರೆಗೂ ಹೂ ಇತ್ತು. ಮಳೆಗಾಲವಿಡೀ ಜಗಲಿಯ ಕಿಟಕಿಯ ಪಕ್ಕ, ಒಳಗೇ ಇಟ್ಟಿದ್ದೆ. ವಾರಕ್ಕೆ ಎರಡು ಸಲ ಒಂದೊಂದು ಲೋಟ ನೀರು, ತಪ್ಪದೆ.

ಹೋದ ವಾರ ಮಳೆ ಹೊಳವಾಗಿ ಬಿಸಿಲು ಬಂತು. ಶುಕ್ರವಾರ ಬೆಳಿಗ್ಗೆ ನೋಡಿದರೆ ಕೆಳಗಿನ ಎಲೆ ಹಳದಿ. ಸೋಮವಾರದ ಹೊತ್ತಿಗೆ ಆರರಲ್ಲಿ ಮೂರು ಎಲೆ ಹಾಗಾಗಿವೆ. ಉಳಿದವು ಹಸಿರಾಗಿಯೇ ಇವೆ, ಆದರೆ ಸುಕ್ಕುಗಟ್ಟಿ ಜೋತುಬಿದ್ದಿವೆ. ಬಾಯಾರಿದೆ ಎಂದುಕೊಂಡು ಎರಡು ದಿನದಿಂದ ನೀರು ಹೆಚ್ಚು ಹಾಕುತ್ತಿದ್ದೇನೆ. ಅಡಿಕೆಗೆ ಕೊಳೆರೋಗದ ಔಷಧಿ ಬೋರ್ಡೋ ಹೊಡೆಯುವಾಗ ಇದಕ್ಕೂ ಒಂದಿಷ್ಟು ಹೊಡೆಯೋಣ ಎನ್ನುತ್ತಾರೆ ಮನೆಯವರು.

ನನಗೆ ಅರ್ಥವಾಗದ ಸಂಗತಿ ಇನ್ನೊಂದಿದೆ. ಅಂಗಳದ ಹಲಸಿನ ಮರದಲ್ಲಿ ಸೀತಾಳೆ ದಂಡೆ ತಾನಾಗಿ ಬೆಳೆದಿದೆ, ಅದೂ ಆರ್ಕಿಡ್ಡೇ. ಆರಿದ್ರಾದಿಂದ ಮಘೆಯವರೆಗೆ ಹಗಲೂ ರಾತ್ರಿ ನೆನೆದರೂ ಅದಕ್ಕೆ ಏನೂ ಆಗುವುದಿಲ್ಲ. ಇದಕ್ಕೆ ಒಂದು ಹನಿ ಮಳೆ ಬಿದ್ದಿಲ್ಲ. ಹೀಗಿರುವಾಗ ಇದೇಕೆ ಸಾಯುತ್ತಿದೆ? ಮಗಳು ದಸರೆಗೆ ಬರುತ್ತಾಳೆ, ಅಷ್ಟರಲ್ಲಿ ಉಳಿಸಿಕೊಳ್ಳಬೇಕು.

ಉತ್ತರ: ಹಾಸನದಿಂದ

ಮೆಗ್ನೀಸಿಯಂ ಕೊರತೆಯಾದಾಗಲೂ ಹಳೆಯ ಎಲೆಗಳೇ ಮೊದಲು ಹಳದಿಯಾಗುತ್ತವೆ. ನಾನು ಗುಲಾಬಿಗೆ ಮೆಗ್ನೀಸಿಯಂ ಇರುವ ಎಪ್ಸಮ್ ಉಪ್ಪನ್ನು ನೀರಿನಲ್ಲಿ ಕರಗಿಸಿ ಸಿಂಪಡಿಸುತ್ತೇನೆ, ಗುಣ ಕಂಡಿದೆ. ಒಮ್ಮೆಲೇ ಬಂದ ಬಿಸಿಲೂ ಕಾರಣವಿರಬಹುದು, ಕಿಟಕಿಯಿಂದ ಸ್ವಲ್ಪ ದೂರ ಸರಿಸಿ ನೋಡಿ.

ಉತ್ತರ: ಕೊಪ್ಪದಿಂದ

ಅಕ್ಕಾ, ದಯವಿಟ್ಟು ಮೊದಲು ನೀರು ನಿಲ್ಲಿಸಿ. ಎಪ್ಸಮ್ ಉಪ್ಪೂ ಈಗ ಬೇಡ. ಹಾಸನದವರು ಹೇಳಿದ ಕೊರತೆ ನಿಜವಾಗಿಯೂ ಇರುವಂಥದ್ದೇ, ಆದರೆ ಅದು ತಿಂಗಳುಗಟ್ಟಲೆ ನಿಧಾನವಾಗಿ ತೋರಿಕೊಳ್ಳುತ್ತದೆ, ನಾಲ್ಕು ದಿನದಲ್ಲಿ ಮೂರು ಎಲೆ ತೆಗೆಯುವುದಿಲ್ಲ. ಬಿಸಿಲಿನ ಸುಡುವಿಕೆಯೂ ಹೀಗಿರುವುದಿಲ್ಲ. ಬಿಸಿಲು ಬಿದ್ದ ಭಾಗ ಮಾತ್ರ ಬೆಳ್ಳಗೆ ಬಿಳಿಚಿಕೊಂಡು, ಆಮೇಲೆ ಕಂದಾಗಿ ಒಣಗುತ್ತದೆ. ಇಡೀ ಎಲೆ ಹಳದಿಯಾಗುವುದಿಲ್ಲ.

ಫೆಲನಾಪ್ಸಿಸ್‌ನಲ್ಲಿ ವರ್ಷಕ್ಕೆ ಒಂದೋ ಎರಡೋ ಕೆಳಗಿನ ಎಲೆ ಹಣ್ಣಾಗಿ ಉದುರುವುದು ಸಹಜ. ಒಂದೇ ವಾರದಲ್ಲಿ ಮೂರು ಹೋದರೆ, ಅದರ ಜೊತೆಗೆ ಹಸಿರು ಎಲೆಯೂ ಸುಕ್ಕುಗಟ್ಟಿದರೆ ನನ್ನ ಅನುಮಾನವೆಲ್ಲ ಬೇರಿನ ಮೇಲೆ. ಬೇರು ಸತ್ತ ಗಿಡ ನೀರಿನ ನಡುವೆಯೇ ಬಾಯಾರುತ್ತದೆ. ನೋಡುವವರಿಗೆ ಅದು ಒಣಗಿದಂತೆಯೇ ಕಾಣುವುದರಿಂದ ಎಲ್ಲರೂ ಇನ್ನಷ್ಟು ನೀರು ಹಾಕುತ್ತಾರೆ. ನಾನೂ ಹಾಗೆ ಎರಡು ಗಿಡ ಕಳೆದುಕೊಂಡಿದ್ದೇನೆ.

‘ಇದ್ದಕ್ಕಿದ್ದಂತೆ’ ಎಂದು ನಮಗೆ ಅನಿಸುತ್ತದೆ ಅಷ್ಟೇ. ಈ ಜಾತಿಗೆ ಡೆಂಡ್ರೋಬಿಯಂ ಎಂಬ ಇನ್ನೊಂದು ಆರ್ಕಿಡ್‌ನಂತೆ ನೀರು ಕೂಡಿಡುವ ದಪ್ಪ ಕಾಂಡವಿಲ್ಲ, ಕೂಡಿಟ್ಟಿರುವುದೆಲ್ಲ ಎಲೆಯಲ್ಲೇ. ಬೇರು ಪುನರ್ವಸು, ಪುಷ್ಯ ಮಳೆಯ ಹೊತ್ತಿಗೇ ಕೊಳೆತಿದ್ದರೂ ಆ ತಂಪಿನಲ್ಲಿ ಎಲೆ ತನ್ನ ದಾಸ್ತಾನಿನಲ್ಲೇ ದಿನ ದೂಡುತ್ತದೆ. ಬಿಸಿಲು ಬಂದು ನೀರಿನ ಖರ್ಚು ಹೆಚ್ಚಿದ ಕೂಡಲೇ ಹಳೆಯ ಎಲೆಯಲ್ಲಿದ್ದುದನ್ನೆಲ್ಲ ಮೇಲಿನ ಎಲೆಗೆ ಎಳೆದುಕೊಳ್ಳುತ್ತದೆ. ನೀವು ಶುಕ್ರವಾರ ಕಂಡದ್ದು ಜುಲೈ ತಿಂಗಳ ಕಾಯಿಲೆ.

ಸೀತಾಳೆ ದಂಡೆಯ ಪ್ರಶ್ನೆ ಬಹಳ ಒಳ್ಳೆಯದು. ಎರಡಕ್ಕೂ ಬೇರಿನ ಸುತ್ತ ಸ್ಪಂಜಿನಂಥ ಬಿಳಿ ಪದರವಿದೆ. ನೀರು ಹೀರಿದಾಗ ಹಸಿರು, ಒಣಗಿದಾಗ ಬೆಳ್ಳಿಯ ಬಣ್ಣ. ಹಲಸಿನ ಮರದ ಮೇಲೆ ಎಷ್ಟೇ ಮಳೆ ಬಿದ್ದರೂ ಬೇರಿನ ಸುತ್ತ ಗಾಳಿ ಆಡುತ್ತದೆ. ಮಳೆಗಾಲದ ಜಗಲಿಯಲ್ಲಿ ನಮ್ಮ ಬಟ್ಟೆಯೇ ನಾಲ್ಕು ದಿನಕ್ಕೂ ಒಣಗುವುದಿಲ್ಲ, ಕುಂಡದ ನಡುಭಾಗ ಎಲ್ಲಿ ಒಣಗೀತು! ವಾರಕ್ಕೆ ಎರಡು ಲೋಟ ಎನ್ನುವುದು ಬೇಸಿಗೆಯ ಲೆಕ್ಕ.

ಈಗ ಗಿಡವನ್ನು ಕುಂಡದಿಂದ ಹೊರಗೆ ತೆಗೆಯಿರಿ. ಬೇರುಗಳನ್ನು ಒಂದೊಂದಾಗಿ ಬೆರಳಿನಲ್ಲಿ ಒತ್ತಿ ನೋಡಿ. ಗಟ್ಟಿಯಾಗಿದ್ದರೆ ಜೀವ ಇದೆ. ಮೆತ್ತಗೆ ಕಂದಾಗಿದ್ದು, ಎಳೆದಾಗ ಸಿಪ್ಪೆ ಕೈಗೆ ಬಂದು ಒಳಗೆ ದಾರದಂಥ ಎಳೆ ಮಾತ್ರ ಉಳಿದರೆ ಅದು ಸತ್ತಿದೆ. ಬುಡದ ನಡುವೆ ಪಾಚಿಯ ಉಂಡೆಯೋ ಸಣ್ಣ ಜಾಲರಿ ಬಟ್ಟಲೋ ಇದೆಯೇ ಎಂದೂ ನೋಡಿ. ಎಳೆಯ ಸಸಿಯಾಗಿದ್ದಾಗ ನರ್ಸರಿಯಲ್ಲಿ ಇಟ್ಟದ್ದು ಎಷ್ಟೋ ಗಿಡಗಳಲ್ಲಿ ಹಾಗೆಯೇ ಉಳಿದಿರುತ್ತದೆ. ಕುಂಡದ ಮೇಲ್ಭಾಗದ ತೊಗಟೆ ಚೂರು ಒಣಗಿ ಕಂಡರೂ ಒಳಗಿನ ಆ ಉಂಡೆ ಒದ್ದೆಯಾಗಿಯೇ ಇರುತ್ತದೆ.

ಎರಡು ಬೇರೆ ಲಕ್ಷಣ ಕಂಡರೆ ಮಾತ್ರ ತಕ್ಷಣ ತಿಳಿಸಿ. ಎಲೆ ಬೇಯಿಸಿದಂತೆ ನೀರುನೀರಾಗಿ ಕೆಟ್ಟ ವಾಸನೆ ಬರುತ್ತಿದ್ದರೆ ಅದು ಬ್ಯಾಕ್ಟೀರಿಯಾದ ಕೊಳೆ, ಒಂದೆರಡು ದಿನದಲ್ಲೇ ಗಿಡ ಮುಗಿಯುತ್ತದೆ. ಬುಡದಲ್ಲಿ ಬಿಳಿ ನೂಲಿನಂಥ ಬೂಷ್ಟು, ಅದರಲ್ಲಿ ಸಾಸಿವೆ ಕಾಳಿನಂಥ ಕಂದು ಗುಂಡುಗಳು ಇದ್ದರೆ ಅದು ಸ್ಕ್ಲೆರೋಶಿಯಂ ಶಿಲೀಂಧ್ರ. ಆಗ ಗಿಡವನ್ನು ಬೇರೆಯವುಗಳಿಂದ ದೂರ ಇಡಬೇಕು, ಕುಂಡದೊಳಗಿನದನ್ನೆಲ್ಲ ಸುಡಬೇಕು.

ಉತ್ತರ: ಸಕಲೇಶಪುರದಿಂದ

ಬೋರ್ಡೋ ಹೊಡೆಯಲೇಬೇಡಿ. ಅಡಿಕೆಯ ಕೊಳೆರೋಗಕ್ಕೆ ಅದು ದೊಡ್ಡ ಔಷಧಿ, ಸಂಶಯವಿಲ್ಲ. ಆದರೆ ಅದರಲ್ಲಿರುವುದು ಮೈಲುತುತ್ತ, ಅಂದರೆ ತಾಮ್ರ. ಆರ್ಕಿಡ್‌ಗಳಲ್ಲಿ ಕೆಲವಕ್ಕೆ, ಮುಖ್ಯವಾಗಿ ಡೆಂಡ್ರೋಬಿಯಂಗೆ, ತಾಮ್ರ ಆಗಿಬರುವುದಿಲ್ಲ. ನಮ್ಮಲ್ಲಿ ಅಡಿಕೆಯ ಕೆಳಗೆ ತೂಗುಹಾಕಿದ್ದ ನಾಲ್ಕು ಡೆಂಡ್ರೋಬಿಯಂಗಳ ಮೇಲೆ ಔಷಧಿಯ ಹನಿ ಬಿದ್ದು ಎಲೆಯ ತುದಿ ಕಪ್ಪಾಯಿತು. ಆಮೇಲೆ ಎಲೆಗಳೆಲ್ಲ ಹಳದಿಯಾಗಿ ಉದುರಿದವು. ಅವು ನಮ್ಮ ಅಮ್ಮ ಸಾಕಿದ ಗಿಡಗಳು. ಈಗ ಔಷಧಿಯ ದಿನ ಅವನ್ನೆಲ್ಲ ಮೊದಲೇ ಕೊಟ್ಟಿಗೆಯೊಳಗೆ ಇಡುತ್ತೇನೆ.

ಪ್ರಶ್ನೆ ಕೇಳಿದವರಿಂದ, ಮೂಡಿಗೆರೆ

ಕೊಪ್ಪದವರು ಹೇಳಿದಂತೆಯೇ ಆಯಿತು. ಹಿತ್ತಲಲ್ಲಿ ಹಳೆಯ ಪೇಪರ್ ಹಾಸಿ ಗಿಡ ಬಿಡಿಸಿದೆ. ಮೇಲಿನ ಚೂರುಗಳು ಒಣಗಿದ್ದವು. ಒಳಗೆ ನಿಂಬೆಹಣ್ಣಿನ ಗಾತ್ರದ ಪಾಚಿ ಉಂಡೆ ಇತ್ತು, ಹಿಂಡಿದರೆ ಕಪ್ಪು ನೀರು ಸುರಿಯಿತು. ಅದರೊಳಗಿದ್ದ ಬೇರೆಲ್ಲ ದಾರವಾಗಿವೆ. ಹನ್ನೊಂದು ಬೇರಿನಲ್ಲಿ ಗಟ್ಟಿ ಇರುವುದು ಎರಡೇ, ಎರಡೂ ಕುಂಡದ ಅಂಚಿಗೆ ಬಂದು ಗಾಳಿ ಕಂಡಂಥವು. ಸಾಸಿವೆ ಗುಂಡು ಇಲ್ಲ, ಕೆಟ್ಟ ವಾಸನೆಯೂ ಇಲ್ಲ. ಬುಡ ಗಟ್ಟಿಯಾಗಿದೆ.

ಮೂರು ತಿಂಗಳು ನಾನು ಪ್ರೀತಿಯಿಂದಲೇ ಹಾಕಿದ ನೀರು. ಕೈಯಲ್ಲಿ ಆ ಉಂಡೆ ಹಿಡಿದು ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ. ಮುಂದೆ ಏನು ಮಾಡಲಿ?

ಉತ್ತರ: ಕೊಪ್ಪದಿಂದ

ಎರಡು ಬೇರು ಸಾಕು, ಬುಡ ಗಟ್ಟಿ ಇರುವುದು ಅದಕ್ಕಿಂತ ದೊಡ್ಡ ವಿಷಯ. ಕತ್ತರಿಯನ್ನು ಬೆಂಕಿಯಲ್ಲಿ ಕಾಯಿಸಿ ಆರಿಸಿಕೊಂಡು ಸತ್ತ ಬೇರನ್ನೆಲ್ಲ ಕತ್ತರಿಸಿ. ಕತ್ತರಿಸಿದ ತುದಿಗೆ ಮಾತ್ರ ದಾಲ್ಚಿನ್ನಿ ಪುಡಿ ಹಚ್ಚಿ, ಜೀವಂತ ಬೇರಿಗೆ ತಾಗಿದರೆ ಅದನ್ನೂ ಒಣಗಿಸಿಬಿಡುತ್ತದೆ. ಒಂದು ದಿನ ನೆರಳಿನಲ್ಲಿ ಹಾಗೆಯೇ ಬಿಡಿ.

ಆಮೇಲೆ ಸುತ್ತಲೂ ತೂತಿರುವ ಸಣ್ಣ ಕುಂಡದಲ್ಲಿ ಇದ್ದಿಲು ಮತ್ತು ಹೆಂಚಿನ ಚೂರು ಹಾಕಿ ಕೂರಿಸಿ. ತೆಂಗಿನ ಸಿಪ್ಪೆಯನ್ನು ಈ ಸಲ ಬಿಟ್ಟುಬಿಡಿ, ನಿಮ್ಮ ಕಡೆಯ ತೇವಕ್ಕೆ ಅದು ಒಣಗುವುದಿಲ್ಲ. ಗಿಡ ಅಲುಗಾಡದಂತೆ ಕಡ್ಡಿ ಕೊಟ್ಟು ಕಟ್ಟಿ. ಬೇರು ಬೆಳ್ಳಿಯ ಬಣ್ಣಕ್ಕೆ ತಿರುಗಿದ ಮೇಲೆಯೇ ನೀರು, ಅದೂ ಬೆಳಿಗ್ಗೆ. ಎಲೆಗಳ ನಡುವಿನ ಸುಳಿಯಲ್ಲಿ ನೀರು ನಿಂತರೆ ಹತ್ತಿಯಿಂದ ಒರೆಸಿ ತೆಗೆಯಿರಿ. ಹೊಸ ಬೇರು ಬರುವವರೆಗೆ ಗೊಬ್ಬರ ಬೇಡ. ಹಳದಿ ಎಲೆ ಮತ್ತೆ ಹಸಿರಾಗುವುದಿಲ್ಲ, ತಾನಾಗಿ ಬೀಳಲಿ, ಕೀಳಬೇಡಿ. ಸುಕ್ಕು ಹೋಗಲು ಎರಡು ಮೂರು ತಿಂಗಳಾದರೂ ಬೇಕು.

ಪ್ರಶ್ನೆ ಕೇಳಿದವರಿಂದ, ಮೂಡಿಗೆರೆ

ಹಾಗೆಯೇ ಮಾಡಿದ್ದೇನೆ. ಮನೆಯವರು ಹಳೆಯ ಮಂಗಳೂರು ಹೆಂಚು ಒಡೆದು ಚೂರು ಮಾಡಿಕೊಟ್ಟರು. ಕುಂಡವನ್ನು ಕಿಟಕಿಯಿಂದ ತೆಗೆದು, ಗಾಳಿಯಾಡುವ ಜಾಗವೆಂದು ಹಲಸಿನ ಮರದ ಕಡೆಯ ಸೂರಿನಡಿ ತೂಗುಹಾಕಿದ್ದೇನೆ. ಮಗಳಿಗೂ ಫೋನಿನಲ್ಲಿ ಎಲ್ಲವನ್ನೂ ಹೇಳಿದೆ. ಹೊಸ ಬೇರಿನ ತುದಿ ಕಂಡ ದಿನ ಇಲ್ಲಿ ಬರೆಯುತ್ತೇನೆ.