ಯುಗಾದಿ ಹೊತ್ತಿಗೆ ಮಾಳಿಗೆ ಮೇಲಿನ ಗಿಡಗಳಿಗೆ ಏನು ಮಾಡಬೇಕು?

ಕಲಬುರಗಿ ಮಾಳಿಗೆ:
ಎಲ್ಲರಿಗೂ ನಮಸ್ಕಾರ. ನಮ್ಮತ್ತೆಯವರ ಪೂಜೆಗೆ ಅಂತ ಗುಲಾಬಿ, ದುಂಡು ಮಲ್ಲಿಗೆ, ದಾಸವಾಳ ಕುಂಡದಲ್ಲಿ ಬೆಳೆಸಿದ್ದೇನೆ, ಜೊತೆಗೆ ಒಂದು ಕರಿಬೇವು. ಮಾರ್ಚ್ ಶುರುವಾಗಿದ್ದೇ ತಡ, ಗುಲಾಬಿ ಎಲೆ ಮಂಕಾಗಿ ಉದುರ್ತಾ ಇದೆ, ಎಲೆ ತಿರುಗಿಸಿ ನೋಡಿದರೆ ಸಣ್ಣ ಬಲೆ. ದಾಸವಾಳದ ಮೊಗ್ಗಿನ ಬುಡದಲ್ಲಿ ಬಿಳಿ ಹತ್ತಿ ಅಂಟಿದ ಹಾಗಿದೆ, ಇರುವೆಯೂ ಓಡಾಡ್ತಿವೆ. ಬೋರ್‌ವೆಲ್ ನೀರು, ಕುಂಡದ ಅಂಚಿಗೆ ಬಿಳಿ ಉಪ್ಪು ಕಟ್ಟಿದೆ. ನರ್ಸರಿಯವರು ಗುಲಾಬಿ ಈಗಲೇ ಸವರಿ ಡಿಎಪಿ ರಾಸಾಯನಿಕ ಗೊಬ್ಬರ ಹಾಕಿ ಅಂದರು. ಏಪ್ರಿಲ್‌ನಲ್ಲಿ ಬಿಸಿಲು 40 ಡಿಗ್ರಿ ದಾಟುತ್ತೆ, ಗಿಡ ತಡೆಯುತ್ತಾ?

ರಾಯಚೂರು ಕೈತೋಟ:
ಬೇಡ ಅಕ್ಕಾ, ಕತ್ತರಿ ಮುಟ್ಟಬೇಡಿ. ಗುಲಾಬಿ ಸವರೋದು ಮಳೆಗಾಲ ಮುಗಿದ ಮೇಲೆ, ಅಕ್ಟೋಬರ್ ಹೊತ್ತಿಗೆ. ಈಗ ಸವರಿದರೆ ಎಳೆ ಚಿಗುರು ಬರುತ್ತೆ, ಬಂದಿದ್ದೆಲ್ಲ ಬಿಸಿಲಿಗೆ ಸುಡುತ್ತೆ. ಒಣ ಕಡ್ಡಿ, ಬಾಡಿದ ಹೂವು ಮಾತ್ರ ತೆಗೀರಿ. ಡಿಎಪಿ ಕೂಡ ಬೇಡ, ಮಣ್ಣಲ್ಲಿ ಮೊದಲೇ ಉಪ್ಪು ಜಾಸ್ತಿ ಇದೆ, ಮೇಲೆ ಅದನ್ನೂ ಹಾಕಿದರೆ ಬೇರು ನೀರು ಎಳೆಯೋದೇ ಕಷ್ಟ. ಮೊದಲು ಒಂದು ದಿನ ಬೆಳಿಗ್ಗೆ ಕುಂಡದ ತಳದಿಂದ ಚೆನ್ನಾಗಿ ಹರಿದು ಹೋಗೋವರೆಗೂ ನಿಧಾನಕ್ಕೆ ನೀರು ಬಿಡಿ, ಉಪ್ಪು ತೊಳೆದು ಹೋಗಲಿ. ಕೆಳಗಿನ ತಟ್ಟೆಯಲ್ಲಿ ನಿಂತ ನೀರು ಚೆಲ್ಲಿಬಿಡಿ. ಆಮೇಲೆ ಬುಡಕ್ಕೆ ಎರಡು ಇಂಚು ಹೊದಿಕೆ. ನಿಮ್ಮ ಕಡೆ ತೊಗರಿ ಹೊಟ್ಟಿಗೇನು ಬರ, ಅದನ್ನೇ ಹಾಕಿ, ಕಾಂಡಕ್ಕೆ ತಾಗದಿದ್ದರೆ ಸಾಕು.

ಬಳ್ಳಾರಿ ಹೂವು:
ಗುಲಾಬಿ ಎಲೆಯ ಆ ಬಲೆ ನುಸಿಯದು, ರಸ ಹೀರೋ ತೀರಾ ಸಣ್ಣ ಹುಳ. ಒಣ ಸೆಖೆ ಅಂದರೆ ಅದಕ್ಕೆ ಹಬ್ಬ. ಬೆಳಿಗ್ಗೆ ಎಲೆ ಅಡಿಗೆ ನೀರು ಜೋರಾಗಿ ಹಾಯಿಸಿ, ಎರಡು ಮೂರು ದಿನಕ್ಕೊಮ್ಮೆ. ದಾಸವಾಳಕ್ಕೆ ಬಂದಿರೋದು ಹಿಟ್ಟು ತಿಗಣೆ. ಅದು ಬಿಡೋ ಸಿಹಿ ಅಂಟಿಗೆ ಇರುವೆ ಬರುತ್ತೆ, ಬಂದು ಅದನ್ನೇ ಕಾಯುತ್ತೆ, ಹಾಗಾಗಿ ಇರುವೆ ದಾರಿಯನ್ನೂ ತಪ್ಪಿಸಬೇಕು. ಜಾಸ್ತಿ ಹತ್ತಿದ ತುದಿ ಮುರಿದು ಚೀಲದಲ್ಲಿ ಕಟ್ಟಿ ಎಸೀರಿ. ಉಳಿದಿದ್ದಕ್ಕೆ ಲೀಟರ್ ನೀರಿಗೆ 5 ಎಂಎಲ್ ಬೇವಿನೆಣ್ಣೆ, ಎಣ್ಣೆ ಬೆರೆಯಲು ಸ್ವಲ್ಪ ಸೋಪಿನ ನೀರು. ಹೊತ್ತು ಮುಳುಗಿದ ಮೇಲೆ ಹೊಡೀರಿ, ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತೆ.

ಮಲ್ಲಿಗೆ ಮನೆ:
ಗೊಬ್ಬರ ಬೇಡ ಅನ್ನೋದು ಮಲ್ಲಿಗೆಗೆ ಒಪ್ಪಲ್ಲ ಸರ್. ಅದರ ಹೂವಿನ ಕಾಲವೇ ಈಗ. ಎರಡು ಹಿಡಿ ಎರೆಗೊಬ್ಬರ ಕೊಡಿ ಅಕ್ಕಾ, ಬಿಸಿಲಲ್ಲೇ ಇರಲಿ. ನೆರಳು ಬಲೆ ಗುಲಾಬಿಗೆ ಸಾಕು, ಅರ್ಧ ಬಿಸಿಲು ತಡೆಯೋ 50 ಪರ್ಸೆಂಟ್‌ದು, ಮುಖ್ಯವಾಗಿ ಪಡುವಣ ಬಿಸಿಲಿಗೆ ಅಡ್ಡ. ಕರಿಬೇವಿಗೇನೂ ಯೋಚನೆ ಬೇಡ, ಒಗ್ಗರಣೆಗೆ ತುದಿ ಚಿವುಟ್ತಾ ಇರಿ.

ಕಲಬುರಗಿ ಮಾಳಿಗೆ:
ತುಂಬಾ ಉಪಕಾರ ಆಯ್ತು. ನೀರು ಎರಡು ಹೊತ್ತು ಹಾಕಲಾ?

ರಾಯಚೂರು ಕೈತೋಟ:
ಬೆಳಿಗ್ಗೆ ಬಿಸಿಲೇರೋ ಮೊದಲು ತಳದವರೆಗೆ ಇಳಿಯೋ ಹಾಗೆ ಹಾಕಿ. ಸಂಜೆ ಬೆರಳು ಇಳಿಸಿ ನೋಡಿ, ಒಣಗಿದ್ದರಷ್ಟೇ ಮತ್ತೆ. ಮಾಳಿಗೆ ಮೇಲೆ ಬಿದ್ದಿರೋ ಪೈಪಿನೊಳಗಿನ ನೀರು ಕುದೀತಾ ಇರುತ್ತೆ, ಅದನ್ನು ಮೊದಲು ಬಕೆಟ್ಟಿಗೆ ಬಿಟ್ಟು, ತಣ್ಣಗಾದ ಮೇಲೆ ಗಿಡಕ್ಕೆ ಹಿಡೀರಿ. ಕುಂಡಗಳ ಕೆಳಗೆ ಎರಡೆರಡು ಇಟ್ಟಿಗೆ ಕೊಡಿ, ಸ್ಲ್ಯಾಬಿನ ಕಾವು ನೇರ ಬೇರಿಗೆ ಹೊಡೆಯೋದು ತಪ್ಪುತ್ತೆ.